ಕಾಲಾನಾಗನನ್ನು ಹಿಡಿದವರು ಯಾರು?

ಬೇಸಿಗೆ ರಜೆಗೆ ಆಲೂರಿನ ಮನೆಗೆ ಬಂದಿದ್ದ ತಂಗಿಯ ಮಕ್ಕಳಿಬ್ಬರಿಗೆ ‘ಎಲಿಫೆಂಟ್ ಬಾಯ್’ ತೋರಿಸಿದೆ. 1937ರ ಕಪ್ಪು ಬಿಳುಪು ಚಿತ್ರ. ಅವಧಿ ಎಂಬತ್ತು ನಿಮಿಷದ ಆಸುಪಾಸು. ಹುಡುಗಿಗೆ ಹನ್ನೊಂದು, ಹುಡುಗನಿಗೆ ಎಂಟು. ಇಬ್ಬರೂ ಸಕಲೇಶಪುರದ ಕಡೆಯ ಒಂದು ಹಳ್ಳಿಯಲ್ಲಿ ಬೆಳೆಯುತ್ತಿರುವವರು. ಆನೆ ಎಂದರೆ ಅವರಿಗೆ ಪಠ್ಯಪುಸ್ತಕದ ಪ್ರಾಣಿಯಲ್ಲ. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಅಪ್ಪ ಮೊಬೈಲಿನಲ್ಲಿ ನೋಡುವ ಸಂದೇಶ ಅದು. ಯಾವ ತೋಟದಲ್ಲಿ ಎಷ್ಟು ಆನೆ, ಮರಿ ಇದೆಯೋ ಇಲ್ಲವೋ, ಯಾವ ರಸ್ತೆಯಲ್ಲಿ ಓಡಾಡಬಾರದು ಎಂಬುದೆಲ್ಲ ಅದರಲ್ಲಿರುತ್ತದೆ. ಭೀಮನನ್ನು ದಂತದ ಆಕಾರದಿಂದಲೇ ಗುರುತಿಸುತ್ತೇನೆ ಎಂದು ಹುಡುಗ ಜಂಬ ಕೊಚ್ಚಿಕೊಳ್ಳುತ್ತಾನೆ. ಅವನು ನೋಡಿರುವುದು ವಿಡಿಯೊದಲ್ಲಿ ಮಾತ್ರ ಎಂದು ಅಕ್ಕ ತಿದ್ದುತ್ತಾಳೆ.

ಇಂಗ್ಲಿಷ್ ಮಾತು ಅವರಿಗೆ ಅಷ್ಟಾಗಿ ಹಿಡಿಯಲಿಲ್ಲ. ನಾನೇ ಪಕ್ಕದಲ್ಲಿ ಕೂತು ಕಥೆ ಹೇಳಿದೆ. ತೂಮಾಯಿ ಎಂಬ ಮಾವುತರ ಮನೆಯ ಹುಡುಗ, ಕಾಲಾನಾಗ್ ಎಂಬ ದೊಡ್ಡ ಆನೆ, ಕಾಡಾನೆ ಹಿಡಿಯಲು ಬಂದ ಬಿಳಿಯ ದೊರೆ ಪೀಟರ್ಸನ್. ಅಪ್ಪ ಹುಲಿಯ ಬಾಯಿಗೆ ಸಿಕ್ಕಿ ಸಾಯುತ್ತಾನೆ, ಆನೆ ಕ್ರೂರಿಯಾದ ಇನ್ನೊಬ್ಬ ಮಾವುತನ ಕೈಗೆ ಹೋಗುತ್ತದೆ, ಹುಡುಗ ಅದನ್ನು ಕರೆದುಕೊಂಡು ಕಾಡಿಗೆ ಓಡುತ್ತಾನೆ. ಅಲ್ಲಿ ಯಾರೂ ಕಾಣದ ಆನೆಗಳ ಕುಣಿತವನ್ನು ಕಾಣುತ್ತಾನೆ. ಅವನಿಂದಾಗಿ ಇಡೀ ಹಿಂಡು ಖೆಡ್ಡಾದೊಳಗೆ ಬೀಳುತ್ತದೆ. ಅರ್ಧಕ್ಕೆ ಬಂದಾಗ ಹುಡುಗ ಕೇಳಿದ: “ಮಾವ, ಇವ್ರೂರಲ್ಲಿ ಗದ್ದೆನೇ ಇಲ್ವಾ?”

ಈ ಚಿತ್ರದ ಬಗ್ಗೆ, ಇದನ್ನು ಮಾಡಿದ ರಾಬರ್ಟ್ ಫ್ಲಾಹರ್ಟಿಯ ಬಗ್ಗೆ ಓದಿದ್ದೆಲ್ಲ ಆ ಪ್ರಶ್ನೆಯ ಮುಂದೆ ಸ್ವಲ್ಪ ಸಪ್ಪೆಯಾಯಿತು.

ಫ್ಲಾಹರ್ಟಿಯನ್ನು ಸಾಕ್ಷ್ಯಚಿತ್ರದ ಪಿತಾಮಹ ಎನ್ನುವ ರೂಢಿಯಿದೆ. 1884ರಲ್ಲಿ ಅಮೆರಿಕದ ಮಿಶಿಗನ್ ಸೀಮೆಯಲ್ಲಿ ಹುಟ್ಟಿದ ಈತ ಮೊದಲು ಅದಿರು ಹುಡುಕುವ ಕೆಲಸದಲ್ಲಿದ್ದವನು. ಉತ್ತರ ಕೆನಡಾದ ಹಿಮಪ್ರದೇಶದಲ್ಲಿ ಅಲೆಯುವಾಗ ಕ್ಯಾಮೆರಾ ಹಿಡಿದ. ಮೊದಲು ತೆಗೆದ ಫಿಲ್ಮೆಲ್ಲ ಅವನದೇ ಸಿಗರೇಟಿನ ಬೆಂಕಿಗೆ ಸುಟ್ಟುಹೋಯಿತು. ಛಲ ಬಿಡದೆ ಮತ್ತೆ ಹೋಗಿ ತೆಗೆದದ್ದು 1922ರ ‘ನಾನೂಕ್ ಆಫ್ ದ ನಾರ್ತ್’. ಆಮೇಲೆ ಸಮೋವಾ ದ್ವೀಪದ ‘ಮೊವಾನಾ’, ಐರ್ಲೆಂಡಿನ ಅಂಚಿನ ‘ಮ್ಯಾನ್ ಆಫ್ ಆರಾನ್’, ನಮ್ಮ ಮೈಸೂರಿನ ‘ಎಲಿಫೆಂಟ್ ಬಾಯ್’, ಕೊನೆಗೆ 1948ರ ‘ಲೂಸಿಯಾನಾ ಸ್ಟೋರಿ’. ‘ಮೊವಾನಾ’ ಬಗ್ಗೆ 1926ರಲ್ಲಿ ಬರೆಯುತ್ತ ಜಾನ್ ಗ್ರಿಯರ್ಸನ್ ಬಳಸಿದ ‘ಡಾಕ್ಯುಮೆಂಟರಿ’ ಎಂಬ ಮಾತೇ ಮುಂದೆ ಈ ಬಗೆಯ ಸಿನಿಮಾಗಳ ಹೆಸರಾಗಿ ನಿಂತಿತು.

ನಾವು ಅದನ್ನು ಸಾಕ್ಷ್ಯಚಿತ್ರ ಎಂದೆವು. ಒಳ್ಳೆಯ ಪದ, ಆದರೆ ಫ್ಲಾಹರ್ಟಿಗೆ ಹೊಂದುವಾಗ ತುಸು ತೊಡಕು. ನಾನೂಕ್ ಎಂಬುದು ಆ ಬೇಟೆಗಾರನ ನಿಜ ಹೆಸರಲ್ಲ, ಅವನ ಹೆಸರು ಅಲ್ಲಾಕರಿಯಲ್ಲಾಕ್. ಪರದೆಯ ಮೇಲಿನ ಸಂಸಾರ ಅವನ ಸಂಸಾರವಲ್ಲ. ಮನೆಯೊಳಗೆ ಕ್ಯಾಮೆರಾಗೆ ಬೆಳಕು ಸಾಲದೆಂದು ಅರ್ಧ ಕೊಯ್ದ ಇಗ್ಲೂ ಕಟ್ಟಿಸಲಾಯಿತು. ಬಂದೂಕು ಹಿಡಿದು ಬೇಟೆಯಾಡುತ್ತಿದ್ದ ಕಾಲದಲ್ಲಿ ಅವನ ಕೈಗೆ ಈಟಿ ಕೊಡಲಾಯಿತು. ಆರಾನ್ ದ್ವೀಪದಲ್ಲಂತೂ ಜನ ಮರೆತೇಬಿಟ್ಟಿದ್ದ ದೊಡ್ಡ ಶಾರ್ಕ್ ಬೇಟೆಯನ್ನು ಅವರಿಗೆ ಹೊಸದಾಗಿ ಕಲಿಸಿ, ಅಬ್ಬರದ ಕಡಲಿಗೆ ಇಳಿಸಿ ಚಿತ್ರ ತೆಗೆದ. ಆ ದ್ವೀಪದವರು ನಿಜಕ್ಕೂ ಅನುಭವಿಸಿದ್ದ ಗೇಣಿ, ಒಡೆಯರ ಕಾಟದ ಸುದ್ದಿಯೇ ಚಿತ್ರದಲ್ಲಿಲ್ಲ.

ಇದನ್ನೆಲ್ಲ ಹೇಳಿ ಫ್ಲಾಹರ್ಟಿ ಸುಳ್ಳುಗಾರ ಎಂದು ಬಿಡುವುದು ಸುಲಭ. ಎಷ್ಟೋ ಜನ ಬಿಟ್ಟೂ ಇದ್ದಾರೆ. ನನಗೆ ಕುತೂಹಲ ಇನ್ನೊಂದರ ಬಗ್ಗೆ. ಅವನ ಚಿತ್ರಗಳ ನಡುವೆ ಮತ್ತೆ ಮತ್ತೆ ಒಬ್ಬ ಹುಡುಗ ಬಂದು ನಿಲ್ಲುತ್ತಾನೆ. ಸಮೋವಾದಲ್ಲಿ ತೆಂಗಿನ ಮರ ಹತ್ತುವ ಹುಡುಗ. ಆರಾನ್‌ನಲ್ಲಿ ಕಡಿದಾದ ಬಂಡೆಯ ತುದಿಯಲ್ಲಿ ಕೂತು ಗಾಳ ಬಿಡುವ ಹುಡುಗ. ಲೂಸಿಯಾನಾದ ಜೌಗಿನಲ್ಲಿ ಸಣ್ಣ ದೋಣಿಯಲ್ಲಿ ಸುತ್ತುವ ಹುಡುಗ. ಅವನು ಎಣ್ಣೆಬಾವಿ ಕೊರೆಯುವ ದೊಡ್ಡ ಯಂತ್ರವನ್ನು ಬೆರಗಿನಿಂದ ನೋಡುತ್ತಾನೆ, ಯಂತ್ರದವರೂ ಅವನನ್ನು ಪ್ರೀತಿಯಿಂದ ಮಾತಾಡಿಸುತ್ತಾರೆ. ಆ ಚಿತ್ರಕ್ಕೆ ಹಣ ಹಾಕಿದ್ದು ಸ್ಟ್ಯಾಂಡರ್ಡ್ ಆಯಿಲ್ ಕಂಪನಿ. ‘ನಾನೂಕ್’ಗೆ ಹಣ ಹಾಕಿದ್ದೂ ತುಪ್ಪಳದ ವ್ಯಾಪಾರ ಮಾಡುವ ಕಂಪನಿಯೇ. ಹುಡುಗನ ಕಣ್ಣಿನಿಂದ ನೋಡಿದಾಗ ಎಣ್ಣೆಬಾವಿಯೂ ಜಾತ್ರೆಯ ತೊಟ್ಟಿಲಿನ ಹಾಗೆ ಕಾಣುತ್ತದೆ. ಜಮೀನು ಯಾರದು, ಎಣ್ಣೆ ಚೆಲ್ಲಿದರೆ ಗತಿಯೇನು ಎಂದು ಕೇಳುವ ಹಿರಿಯರು ಆ ಕಣ್ಣಿನ ಆಚೆಗೇ ಉಳಿಯುತ್ತಾರೆ. ಹುಡುಗರ ಮೇಲಿನ ಅವನ ಪ್ರೀತಿ ನಿಜವಾದದ್ದೇ. ಆದರೆ ಅದು ಹಣ ಹಾಕಿದವರಿಗೂ ಅನುಕೂಲವಾಗಿ ಒದಗಿಬಂತು.

1935ರಲ್ಲಿ ಅವನು ಮೈಸೂರಿಗೆ ಬಂದ. ಲಂಡನ್ನಿನ ನಿರ್ಮಾಪಕ ಅಲೆಗ್ಸಾಂಡರ್ ಕೊರ್ಡಾ ಕಿಪ್ಲಿಂಗ್‌ನ ‘ತೂಮಾಯ್ ಆಫ್ ದ ಎಲಿಫೆಂಟ್ಸ್’ ಕಥೆಯನ್ನು ಚಿತ್ರ ಮಾಡಲು ಅವನನ್ನು ಕಳಿಸಿದ್ದ. ಮೂಲ ಕಥೆ ನಡೆಯುವುದು ಈಶಾನ್ಯದ ಗಾರೋ ಬೆಟ್ಟಗಳಲ್ಲಿ. ಆನೆ, ಮಾವುತ, ಖೆಡ್ಡಾ, ಎಲ್ಲಕ್ಕೂ ಮಿಗಿಲಾಗಿ ಸಹಾಯಕ್ಕೆ ಒಬ್ಬ ಮಹಾರಾಜರು ಇದ್ದ ಕಾರಣ ಚಿತ್ರ ಮೈಸೂರಿಗೆ ಬಂತು. ಪೀಟರ್ಸನ್ ಪಾತ್ರಕ್ಕೆ ಕಿಪ್ಲಿಂಗ್‌ಗೆ ಮಾದರಿಯಾದವನು 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್‌ಸನ್ ಎಂದು ಹಲವರು ನಂಬುತ್ತಾರೆ. ಹಾಗಿದ್ದರೆ ಕಥೆ ಊರಿಗೆ ಮರಳಿತು ಎನ್ನಬೇಕು. ಚಿತ್ರತಂಡಕ್ಕೆ ಉಳಿಯಲು, ಕೆಲಸ ಮಾಡಲು ಚಿತ್ತರಂಜನ್ ಮಹಲ್ ಸಿಕ್ಕಿತು. ಹೆಂಡತಿ ಫ್ರಾನ್ಸಿಸ್, ಮಗಳು ಬಾರ್ಬರಾ ಜೊತೆಗಿದ್ದರು. ಫ್ರಾನ್ಸಿಸ್ ಆ ದಿನಗಳ ಬಗ್ಗೆ ಬರೆದ ಪತ್ರಗಳೇ ‘ಎಲಿಫೆಂಟ್ ಡಾನ್ಸ್’ ಎಂಬ ಪುಸ್ತಕವಾದವು.

ಸಾಬು ಸಿಕ್ಕಿದ್ದು ಹೀಗೆ ಆನೆಲಾಯದ ಹುಡುಗರ ನಡುವೆ. ಕಬಿನಿ ದಡದ ಕಾರಾಪುರದವನು, ಮಾವುತನ ಮಗ, ತಬ್ಬಲಿ, ವಯಸ್ಸು ಹನ್ನೊಂದೋ ಹನ್ನೆರಡೋ. ಛಾಯಾಗ್ರಾಹಕ ಬೊರಡೈಲ್ ಅವನನ್ನು ಗುರುತಿಸಿದ.

ಫ್ಲಾಹರ್ಟಿ ಒಂದು ವರ್ಷಕ್ಕೂ ಮೀರಿ ಇಲ್ಲಿದ್ದು ರಾಶಿಗಟ್ಟಲೆ ಫಿಲ್ಮು ತೆಗೆದ. ಕಥೆ ಮಾತ್ರ ಮುಂದಕ್ಕೆ ಹೋಗಲಿಲ್ಲ. ಲಂಡನ್ನಿನವರ ತಾಳ್ಮೆ ಕೆಟ್ಟಿತು. ಎಲ್ಲರನ್ನೂ ವಾಪಸು ಕರೆಸಿಕೊಂಡು, ಡೆನಮ್ ಸ್ಟುಡಿಯೊದಲ್ಲಿ ಕಾಡಿನ ಸೆಟ್ ಹಾಕಿ, ಇಂಗ್ಲಿಷ್ ನಟರ ಮುಖಕ್ಕೆ ಬಣ್ಣ ಬಳಿದು, ಕೊರ್ಡಾನ ತಮ್ಮ ಝೋಲ್ಟನ್ ಉಳಿದದ್ದನ್ನು ಮುಗಿಸಿದ. ಹಾಗಾಗಿ ಈಗ ನಾವು ನೋಡುವುದು ಎರಡು ಬೇರೆ ಬೇರೆ ಚಿತ್ರಗಳ ಕಸಿ. ಕಸಿಯ ಗಂಟು ಎಲ್ಲಿದೆ ಎಂದು ಮಕ್ಕಳಿಗೂ ಗೊತ್ತಾಯಿತು. ಸ್ಟುಡಿಯೊದ ಕಾಡು ಬಂದಾಗಲೆಲ್ಲ ಹುಡುಗ ಬಿಸ್ಕೆಟ್ ಡಬ್ಬಿಗೆ ಕೈ ಹಾಕುತ್ತಿದ್ದ. ಮೈಸೂರಿನ ನದಿ ಬಂದಾಗ ಕೈ ಅಲ್ಲೇ ನಿಲ್ಲುತ್ತಿತ್ತು. 1937ರಲ್ಲಿ ವೆನಿಸ್ ಚಿತ್ರೋತ್ಸವ ಈ ಚಿತ್ರದ ನಿರ್ದೇಶನಕ್ಕೆ ಪ್ರಶಸ್ತಿ ಕೊಟ್ಟಿತು. ಕಸಿಗೆ ಕೊಟ್ಟರೋ ನದಿಗೆ ಕೊಟ್ಟರೋ ಎಂದು ನನಗೆ ಅನುಮಾನ.

ಆ ನದಿಯ ಭಾಗದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸಾಬು ಆನೆಯ ಮೈ ಉಜ್ಜುತ್ತಾನೆ. ಆನೆ ಸೊಂಡಿಲು ಬಾಗಿಸಿದರೆ ಅದರ ಮೇಲೆ ಕಾಲಿಟ್ಟು ನೆತ್ತಿಗೆ ಏರುತ್ತಾನೆ. ಕಿವಿಯ ಹಿಂದೆ ಬೆರಳಿಂದ ಒತ್ತಿ ತಿರುಗಿಸುತ್ತಾನೆ. ಗದರುತ್ತಾನೆ, ಮುದ್ದು ಮಾಡುತ್ತಾನೆ. ಕ್ಯಾಮೆರಾ ಆತುರಪಡುವುದಿಲ್ಲ. ಇಷ್ಟರಲ್ಲಿ ಯಾವುದನ್ನೂ ಫ್ಲಾಹರ್ಟಿ ಅವನಿಗೆ ಹೇಳಿಕೊಟ್ಟಿಲ್ಲ, ಹೇಳಿಕೊಡಲು ಅವನಿಗೆ ಬರುತ್ತಲೂ ಇರಲಿಲ್ಲ. ಐರ್ಲೆಂಡಿನಲ್ಲಿ ಜನರಿಗೆ ಅವರು ಮರೆತ ವಿದ್ಯೆಯನ್ನು ಕಲಿಸಿ ನಟಿಸಲು ಹೇಳಿದ ನಿರ್ದೇಶಕ ಇಲ್ಲಿ ಹುಡುಗನೊಬ್ಬನ ಎದುರು ಸುಮ್ಮನೆ ಕೂತಿದ್ದಾನೆ. ಅವನ ಇಡೀ ವೃತ್ತಿಜೀವನದಲ್ಲಿ ಸಾಕ್ಷ್ಯ ಎಂಬ ಪದಕ್ಕೆ ಸರಿಯಾಗಿ ಹೊಂದುವ ನಿಮಿಷಗಳು ಇವು ಎಂದು ನನಗನ್ನಿಸುತ್ತದೆ, ಅದೂ ಅವನು ಕಥಾಚಿತ್ರ ಮಾಡಲು ಬಂದಾಗ. ದಸರೆಗೆ ಬರುವ ಆನೆಗಳ ಜೊತೆ ಮಾವುತರ ಮಕ್ಕಳನ್ನು ನೋಡಿದವರಿಗೆ ಆ ಸಲಿಗೆ ಗೊತ್ತಿರುತ್ತದೆ. ತೊಂಬತ್ತು ವರ್ಷವಾದರೂ ಅದು ಬದಲಾಗಿಲ್ಲ.

ಆದರೆ ಅದೇ ಸಲಿಗೆಯನ್ನು ಚಿತ್ರ ಯಾವುದಕ್ಕೆ ಬಳಸುತ್ತದೆ ನೋಡಿ. ಕೊನೆಯಲ್ಲಿ ಖೆಡ್ಡಾ. ಸಂಸ್ಥಾನದ ನೆರವಿನಿಂದ ಚಿತ್ರಕ್ಕಾಗಿ ನಿಜವಾಗಿಯೇ ನಡೆಸಿದ್ದು. ಕಾಡಾನೆಗಳ ಹಿಂಡು ನೀರಿಗಿಳಿದು, ದೂಳೆಬ್ಬಿಸಿ, ಮರಿಗಳನ್ನು ನಡುವೆ ಹಾಕಿಕೊಂಡು ದೊಡ್ಡ ಮರದ ಬೇಲಿಯೊಳಗೆ ನುಗ್ಗುವ ದೃಶ್ಯಕ್ಕೆ ಸಮನಾದದ್ದು ಆಮೇಲೆ ಬಂದಿಲ್ಲ, ಬರುವುದೂ ಇಲ್ಲ. ಬಾಗಿಲು ಬೀಳುತ್ತದೆ, ಜನ ಹುಡುಗನನ್ನು ಕೊಂಡಾಡುತ್ತಾರೆ, ಸಿನಿಮಾ ಮುಗಿಯುತ್ತದೆ. ಬಾಗಿಲು ಬಿದ್ದ ಮೇಲಿನ ಕೆಲಸ, ಹಗ್ಗ ಬಿಗಿಯುವುದು, ತಾಯಿಯಿಂದ ಮರಿ ಬಿಡಿಸುವುದು, ವಾರಗಟ್ಟಲೆ ಕಟ್ಟಿಹಾಕಿ ಪಳಗಿಸುವುದು, ಅದಾವುದೂ ಕಥೆಯ ಭಾಗವಲ್ಲ. ತೂಮಾಯಿ ಕಾಲಾನಾಗನನ್ನು ಕ್ರೂರ ಮಾವುತನಿಂದ ಬಿಡಿಸಿಕೊಂಡು ಓಡುತ್ತಾನೆ, ಮರುಕ್ಷಣ ಹತ್ತಾರು ಕಾಲಾನಾಗರನ್ನು ಹಿಡಿಸಿಕೊಡುತ್ತಾನೆ. ಈ ವಿರೋಧ ಚಿತ್ರಕ್ಕೆ ಗೊತ್ತೇ ಇಲ್ಲ. ಲೂಸಿಯಾನಾದ ಎಣ್ಣೆಬಾವಿಯ ಹಾಗೆ ಇಲ್ಲಿಯೂ ಹುಡುಗನ ನಗು ಎಲ್ಲವನ್ನೂ ಸರಿಮಾಡಿಬಿಡುತ್ತದೆ.

ಇನ್ನು ಗದ್ದೆಯ ಪ್ರಶ್ನೆ. ಫ್ಲಾಹರ್ಟಿಯ ಆನೆಗಳಿಗೆ ಕಾಡಿದೆ, ನದಿಯಿದೆ, ಲಾಯವಿದೆ. ಭತ್ತವಿಲ್ಲ, ಬಾಳೆಯಿಲ್ಲ, ಹಲಸಿಲ್ಲ. ರಾತ್ರಿ ತಗಡು ಬಡಿಯುವವರಿಲ್ಲ. ನಮ್ಮ ಆಲೂರು, ಸಕಲೇಶಪುರದ ಗುಡ್ಡಗಳಲ್ಲಿ ಕಾಡು ಎಂದರೆ ತೋಟಗಳ ನಡುವೆ ಉಳಿದ ತುಂಡುಗಳು. ಪಶ್ಚಿಮಕ್ಕೆ ಘಟ್ಟದ ದಟ್ಟ ಕಾಡಿದ್ದರೂ ಆನೆಗಳ ಓಡಾಟ ಹೆಚ್ಚಾಗಿ ಕಾಫಿ ಗಿಡಗಳ ಮಧ್ಯೆ, ಹೇಮಾವತಿ ಹಿನ್ನೀರಿನ ಬದಿಯಲ್ಲಿ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಊರುಗಳು ಮುಳುಗಿದವು, ಜನ ಎದ್ದು ಹೋದರು. ಬಿಟ್ಟ ಜಾಗದಲ್ಲಿ ಪೊದೆ ಬೆಳೆಯಿತು, ನೀರು ಪಕ್ಕದಲ್ಲೇ ಇತ್ತು. ಆನೆಗೆ ಇನ್ನೇನು ಬೇಕು? ರಾಮನ್ ಸುಕುಮಾರ್ ಅಧ್ಯಕ್ಷತೆಯ ಆನೆ ಕಾರ್ಯಪಡೆ 2012ರಲ್ಲಿ ಹೈಕೋರ್ಟಿಗೆ ವರದಿ ಕೊಟ್ಟಾಗ ಈ ಭಾಗ ಆನೆಗಳನ್ನು ಪೂರ್ತಿ ಹಿಡಿದು ಸಾಗಿಸಬೇಕಾದ ಪ್ರದೇಶಗಳ ಪಟ್ಟಿಗೆ ಸೇರಿತು. 2014ರಲ್ಲಿ ಆಲೂರು ಸುತ್ತಿನಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದರು. ನಾವೂ ಹೋಗಿ ನೋಡಿದೆವು. ಅರಿವಳಿಕೆ ಚುಚ್ಚಿದ ಆನೆ ತೂಕಡಿಸುತ್ತ ನಿಲ್ಲುವುದು, ಸಾಕಾನೆಗಳು ಎರಡೂ ಕಡೆ ಒತ್ತಿ ಹಿಡಿಯುವುದು, ಕ್ರೇನು, ಲಾರಿ. ಇನ್ನು ಕಾಟ ತೀರಿತು ಎಂದು ಊರವರೆಲ್ಲ ನಂಬಿದ್ದೆವು. ಹೆಚ್ಚು ದಿನ ಕಳೆಯಲಿಲ್ಲ, ಬೇರೆ ಆನೆಗಳು ಬಂದವು.

ಈ ಕೆಲಸಕ್ಕೆ ಬರುವ ಸಾಕಾನೆಗಳಲ್ಲಿ ಅರ್ಜುನನೂ ಒಬ್ಬ. 2012ರಿಂದ 2019ರವರೆಗೆ ಎಂಟು ಬಾರಿ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತವನು. ಅವನನ್ನು ಹಿಡಿದದ್ದು 1968ರಲ್ಲಿ, ಕಾಕನಕೋಟೆಯ ಖೆಡ್ಡಾದಲ್ಲಿ. ಸಾಬು ಹುಟ್ಟಿದ, ಫ್ಲಾಹರ್ಟಿ ಕ್ಯಾಮೆರಾ ಇಟ್ಟ ಅದೇ ಕಬಿನಿ ಸೀಮೆಯ ಕಾಡು. ಅಲ್ಲಿಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಅಣೆಕಟ್ಟು ಬಂದು ಆ ಜಾಗದ ಬಹುಭಾಗ ನೀರಿನಡಿಗೆ ಹೋಯಿತು. ಖೆಡ್ಡಾ ಮುಗಿದರೂ ಖೆಡ್ಡಾದಲ್ಲಿ ಸಿಕ್ಕವರ ಕೆಲಸ ಮುಗಿದಿರಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆ ನಡೆಯುವಾಗ ಒಂಟಿ ಸಲಗವೊಂದು ಅರ್ಜುನನ ಮೇಲೆರಗಿತು. ಅರವತ್ತು ದಾಟಿದ ಅರ್ಜುನ ಅಲ್ಲೇ ಸತ್ತ. ಅಲ್ಲೇ ಮಣ್ಣು ಮಾಡಿದರು.

ಅಂದು ಸಂಜೆ ಈ ಮಕ್ಕಳು ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಅದನ್ನು ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ. ಹಿನ್ನೆಲೆಗೆ ಅಳುವ ಸಂಗೀತ, ಮೇಲೆ ದೊಡ್ಡ ಅಕ್ಷರ. ತಂಗಿ ಕೊನೆಗೆ ಟಿ.ವಿ. ಆರಿಸಿದಳಂತೆ.

ಮಕ್ಕಳಿಗೆ ಆನೆಯ ಬಗ್ಗೆ ಈಗ ಸಿಗುವ ಚಿತ್ರಗಳನ್ನು ಇದರ ಪಕ್ಕ ಇಟ್ಟು ನೋಡಿದೆ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಅವರ ‘ವೈಲ್ಡ್ ಕರ್ನಾಟಕ’ 2020ರಲ್ಲಿ ಚಿತ್ರಮಂದಿರಕ್ಕೆ ಬಂದಾಗ ಮಕ್ಕಳನ್ನು ಕರೆದುಕೊಂಡು ಹೋದವರು ತುಂಬ ಮಂದಿ. ಬಹಳ ಚೆಂದದ ಚಿತ್ರ. ಅದರಲ್ಲಿ ಕಾಡೇ ನಾಯಕ, ಮನುಷ್ಯರಿಗೆ ಹೆಚ್ಚು ಜಾಗವಿಲ್ಲ. ಕಾರ್ತಿಕಿ ಗೊನ್ಸಾಲ್ವಿಸ್ ಅವರ ‘ದ ಎಲಿಫೆಂಟ್ ವಿಸ್ಪರರ್ಸ್’ 2023ರಲ್ಲಿ ಆಸ್ಕರ್ ಪಡೆಯಿತು. ಮುದುಮಲೆಯ ಬೊಮ್ಮನ್, ಬೆಳ್ಳಿ ದಂಪತಿ ತಬ್ಬಲಿ ಮರಿಯನ್ನು ಸಾಕುವ ಕಥೆ. ಫ್ಲಾಹರ್ಟಿಯ ನದಿಯ ದೃಶ್ಯದ ಒಳ್ಳೆಯ ಗುಣ, ಅಂದರೆ ಗೊತ್ತಿರುವವರ ಕೈ ಆನೆಯ ಮೈಮೇಲೆ ಆಡುವುದನ್ನು ಸಾವಧಾನವಾಗಿ ನೋಡುವ ಗುಣ, ಇದರಲ್ಲಿದೆ. ಇಲ್ಲಿಯೂ ಆನೆ ಮರಿಯಾಗಿದೆ, ತಬ್ಬಲಿಯಾಗಿದೆ, ಪ್ರೀತಿಸಲು ಸುಲಭವಾಗಿದೆ. ತೋಟದ ಕೂಲಿಗೆ ಹೋಗುವ ಹೆಂಗಸು ಬೆಳಿಗ್ಗೆ ಮಂಜಿನಲ್ಲಿ ತಿರುವಿನಲ್ಲಿ ಎದುರಾಗುವ ಆನೆಯನ್ನು ಹೇಗೆ ತೋರಿಸುವುದು? ಅವಳು ಸತ್ತರೆ ಸುದ್ದಿ, ಆನೆ ಸತ್ತರೂ ಸುದ್ದಿ. ಇಬ್ಬರೂ ಬದುಕಿ ತಮ್ಮ ತಮ್ಮ ದಾರಿ ಹಿಡಿದ ನೂರಾರು ಬೆಳಿಗ್ಗೆಗಳನ್ನು ಯಾರೂ ಚಿತ್ರ ಮಾಡುವುದಿಲ್ಲ. ನಮ್ಮ ಕಡೆಯ ಮಕ್ಕಳು ಬದುಕುತ್ತಿರುವುದು ಆ ಬೆಳಿಗ್ಗೆಗಳಲ್ಲಿ.

ಅಂಥ ಚಿತ್ರಕ್ಕೆ ಫ್ಲಾಹರ್ಟಿಯಂಥವನೇ ಬೇಕಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ವಿಚಿತ್ರ ಅಂತ ಗೊತ್ತು. ಒಂದೂರಿಗೆ ಹೋಗಿ ವರ್ಷಗಟ್ಟಲೆ ಕೂರುವ, ಕಥೆ ಸಿಗದಿದ್ದರೂ ಕ್ಯಾಮೆರಾ ತಿರುಗಿಸುತ್ತಲೇ ಇರುವ, ಹಣ ಹಾಕಿದವನ ಸಿಟ್ಟಿಗೆ ಕಿವಿಗೊಡದ ಆ ಮೊಂಡುತನ ಅವನ ದೊಡ್ಡ ಗುಣ. ಆದರೆ ಹೋದಲ್ಲೆಲ್ಲ ಅವನು ಹುಡುಕಿದ್ದು ಹಳೆಯ ಕಾಲವನ್ನು. ಈಟಿ, ಶಾರ್ಕು, ಖೆಡ್ಡಾ. ಆರಾನ್‌ನ ಹುಡುಗನಿಗೆ ನಿಜವಾಗಿ ಯಾವುದರ ಭಯವಿತ್ತು, ಸಾಬುಗೆ ರಾತ್ರಿ ಯಾರು ಅನ್ನ ಹಾಕುತ್ತಿದ್ದರು ಎಂದು ಅವನು ಕ್ಯಾಮೆರಾ ಇಟ್ಟು ಕೇಳಲಿಲ್ಲ.

ಸಾಬು ಇಂಗ್ಲೆಂಡಿಗೆ ಹೋದ, ಅಲ್ಲಿಂದ ಹಾಲಿವುಡ್‌ಗೆ. ‘ದ ಡ್ರಮ್’, ‘ಥೀಫ್ ಆಫ್ ಬಾಗ್ದಾದ್’, 1942ರ ‘ಜಂಗಲ್ ಬುಕ್’. ಅಮೆರಿಕದ ಪೌರನಾಗಿ, ಎರಡನೆಯ ಮಹಾಯುದ್ಧದಲ್ಲಿ ಅವರ ವಿಮಾನದ ಹಿಂಬದಿಯಲ್ಲಿ ಕೂತು ಬಂದೂಕು ನಡೆಸಿದ. ಯುದ್ಧದ ನಂತರ ಪಾತ್ರಗಳು ಸಣ್ಣದಾಗುತ್ತ ಹೋದವು, ವೇಷ ಮಾತ್ರ ಹೆಚ್ಚುಕಡಿಮೆ ಅದೇ, ರುಮಾಲು ಅಥವಾ ಲಂಗೋಟಿ. 1963ರ ಡಿಸೆಂಬರ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಮೂವತ್ತೊಂಬತ್ತು. ಮಕ್ಕಳಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿ, ಹೇಳಿದೆ. ಚಿತ್ರದ ಶುರುವಿನಲ್ಲಿ ಕ್ಯಾಮೆರಾ ನೋಡಿ ಮಾತಾಡುತ್ತಾನಲ್ಲ, ಆ ಜಾಗವನ್ನು ಹುಡುಗ ಇನ್ನೊಂದು ಸಲ ಹಾಕಿಸಿಕೊಂಡು ನೋಡಿದ.

ಹುಡುಗಿ ಅಷ್ಟು ಹೊತ್ತೂ ಸುಮ್ಮನಿದ್ದಳು. ಖೆಡ್ಡಾದ ಭಾಗಕ್ಕೆ ಹಿಂದೆ ಹೋಗಲು ಹೇಳಿ, ಬೇಲಿಯೊಳಗೆ ನುಗ್ಗುವ ಆನೆಗಳನ್ನು ಬೆರಳಿಟ್ಟು ಎಣಿಸಲು ನೋಡಿದಳು, ದೂಳಿನಲ್ಲಿ ಲೆಕ್ಕ ತಪ್ಪಿತು. ಆಮೇಲೆ ಕೇಳಿದಳು: “ಇವನ್ನೆಲ್ಲ ಹಿಡಿಯೋಕೆ ಕಾಲಾನಾಗ್ ಸಹಾಯ ಮಾಡ್ದ ಸರಿ. ಕಾಲಾನಾಗ್‌ನ ಹಿಡಿದಿದ್ದು ಯಾರು ಮಾವ? ಅರ್ಜುನನ್ನೂ ಹಿಂಗೇ ಹಿಡಿದ್ರಾ?”

ಹೌದು, ಅದೇ ಹೊಳೆ ಹತ್ರ, ಹಿಂಗೇ, ಎಂದೆ. ಅಷ್ಟರಲ್ಲಿ ತಂಗಿ ಒಳಗಿನಿಂದ ಕೂಗಿದಳು. ಭಾವ ಫೋನ್ ಮಾಡಿದ್ದರು. ಊರಿನ ಕೆರೆ ಏರಿ ಹತ್ತಿರ ಮೂರು ಆನೆ ನಿಂತಿವೆಯಂತೆ, ನಾಳೆ ಬೆಳಿಗ್ಗೆ ಹೊರಡುವುದಾದರೆ ಬಿಸಿಲು ಬಂದ ಮೇಲೆ ಹೊರಡಿ ಎಂದರಂತೆ.